ಚಿಲ್ಲರೆ ಬಾಕಿ

ವಲಯ ಕಚೇರಿಯ ಕಿಟಕಿಯಲ್ಲಿ ಗುಮಾಸ್ತ ಕೇಳಿದ:
‘ಎಲ್ಲಿ ಮಲಗ್ತೀರಿ?’
ಇಪ್ಪತ್ತೆರಡು ವರ್ಷ ಕಾರವಾರ–ಕದ್ರಾ ರೂಟಿನಲ್ಲಿ
ನಾನೇ ಎಲ್ಲರಿಗೂ ಕೇಳಿದ್ದು: ಎಲ್ಲಿ, ಎಲ್ಲಿಗೆ, ಬೇಗ ಹೇಳಿ.
ಈಗ ಬಾಯಿಗೆ ಉತ್ತರ ಬರಲಿಲ್ಲ.
‘ಎಲ್ಲಾದರೂ’ ಅಂದೆ.
ಅವನು ಬರೆದೇಬಿಟ್ಟ: ಎಲ್ಲಾದರೂ.

ನಾನೂರ ಎಪ್ಪತ್ತು. ಐನೂರರ ನೋಟು ಕೊಟ್ಟೆ.
ಚೀಟಿ ತಿರುಗಿಸಿ, ಬೆನ್ನಿಗೆ ‘ಮೂವತ್ತು ಬಾಕಿ’ ಎಂದು ಗೀಚಿ
ಕೆಳಗೊಂದು ಗೆರೆ ಎಳೆದ.
ಆ ಗೆರೆ ನನಗೆ ಗೊತ್ತು. ಸಾವಿರ ಸಲ ಎಳೆದಿದ್ದೇನೆ,
ಇಳಿಯುವಾಗ ಮರೆತರೆ ಮರೆಯಲಿ ಎಂದು
ಒಂದೆರಡು ಸಲ ಹಾರೈಸಿಯೂ ಇದ್ದೇನೆ.

ಷರತ್ತು ಎಂಟು. ದಾರಿಯಿಂದ ನೂರು ಮಾರು ಒಳಗೆ,
ಹಳ್ಳದಿಂದ ಐವತ್ತು. ಬೆಂಕಿ ಇಲ್ಲ, ಮೊಳೆ ಇಲ್ಲ,
ಹೊಂಡ ಅರ್ಧ ಮೊಳ ಆಳ, ಮುಚ್ಚಿ ಬರತಕ್ಕದ್ದು.
ಶೆಡ್ಡಿಲ್ಲ, ನಲ್ಲಿಯಿಲ್ಲ, ನಂಬರು ಬರೆದ ಕಲ್ಲಿಲ್ಲ.
ಅಮದಳ್ಳಿ ಹಿಂದಿನ ಗುಡ್ಡದಲ್ಲಿ, ಸ್ಟಾಪೇ ಇಲ್ಲದ ಕಡೆ
ಮೊದಲ ಬಾರಿ ಇಳಿದೆ.

ವಾಚರ್ ಪುನೋ ವೇಳಿಪ ಹಳ್ಳದ ತನಕ ಬಂದ.
ನನ್ನ ಚೀಲದತ್ತ ಮೂಗು ಅರಳಿಸಿದ.
‘ಬಾಯೀ, ಒಣ ಶೆಟ್ಲಿ ತಂದೀರಾ?’
ಚಟ್ನಿ, ಅಂದೆ.
‘ಮರಕ್ಕೆ ಕಟ್ಟಿ. ನಿಮ್ಮಿಂದ ದೂರ.
ಕರಡಿಗೆ ವಾಸನೆ ಅಂದ್ರೆ ಅಡ್ರೆಸ್ಸು.’
ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಹಚ್ಚದೆ, ಹೋದ.

ಸಮತಟ್ಟು ಸಿಗುವುದು ಅಷ್ಟು ಸುಲಭವಲ್ಲ.
ಮೊದಲನೆಯ ಕಡೆ ಎಲೆ ಹೊಲಿದು ಕೂತ ಚಿಗಳಿ.
ಎರಡನೆಯದರ ಮೇಲೆ ಒಣಕೊಂಬೆಯೊಂದು
ಈಗಲೋ ಆಗಲೋ ಅನ್ನುತ್ತಿತ್ತು.
ಮೂರನೆಯದನ್ನು ಹಂದಿಗಳು ಉತ್ತು ಟವೆಲ್ ಹಾಕಿಟ್ಟಿದ್ದವು.
ಕೊನೆಗೆ ಮತ್ತಿಮರದ ಬುಡ. ಎರಡು ಬೇರಿನ ನಡುವೆ
ಒಂದು ಸೀಟು ಖಾಲಿ.
ತೊಗಟೆ ಮೊಸಳೆಯ ಬೆನ್ನು; ಬೆನ್ನಿಗೆ ಬೆನ್ನು ಕೊಟ್ಟು ಕೂತೆ.

ಕತ್ತಲೆ ಮೇಲಿನಿಂದ ಬರಲಿಲ್ಲ, ನೆಲದಿಂದ ಏರಿತು.
ಮೊದಲು ಚಪ್ಪಲಿ ಹೋಯಿತು, ಆಮೇಲೆ ಮೊಣಕಾಲು,
ಕೊನೆಗೆ ಕೈಬಳೆ, ಸದ್ದು ಮಾತ್ರ ಉಳಿಸಿ.
ಕೆಳಗೆಲ್ಲೋ ಕೊಂಕಣ ರೈಲು ಸುರಂಗ ಹೊಕ್ಕಿತು.
ಅದು ಹೊರಬೀಳುವ ತನಕ ಉಸಿರು ಬಿಗಿಹಿಡಿದಿದ್ದೆ,
ಯಾಕೋ.

ನಿದ್ದೆ ಬಾರದೆ ತಲೆ ಎಣಿಸತೊಡಗಿದೆ, ಅಭ್ಯಾಸ.
ಮತ್ತಿ, ನಂದಿ, ಹೊನ್ನೆ, ಕಿಂದಳ, ಹೆಸರು ತಿಳಿಯದವರು ಹತ್ತು.
ಇಳಿಯುವವರು ಯಾರೂ ಇಲ್ಲ,
ಸರಿದು ಜಾಗ ಕೊಡುವವರೂ ಇಲ್ಲ.
ಐವತ್ತೈದಕ್ಕೆ ಲೆಕ್ಕ ತಪ್ಪಿತು.
ಚೆಕಿಂಗಿನವರು ಹತ್ತಿದರೆ ಏನು ಹೇಳಲಿ ಎಂದು
ಅರೆನಿದ್ದೆಯಲ್ಲಿ ಬೆವರಿದೆ.

ಎರಡು ಗಂಟೆಗಿರಬೇಕು. ಯಾರೋ ಹತ್ತಿದರು.
ಸರಕ್ ಎಂದು ಎಲೆ, ಡಬ್ಬಿ ತೂಗಿ ಮರಕ್ಕೆ ಬಡಿದ ಸದ್ದು.
ಟಾರ್ಚು ಕೈಯಲ್ಲೇ ಇತ್ತು. ಒತ್ತಲಿಲ್ಲ.
ಹೆದರಲಿಲ್ಲ ಅಂದರೆ ಸುಳ್ಳು,
ಆದರೆ ಇಲ್ಲಿ ಟಿಕೆಟ್ ಕೇಳುವವಳು ನಾನಲ್ಲವಲ್ಲ.
ರವಿಕೆಯೊಳಗಿನ ಚೀಟಿ ಮುಟ್ಟಿ ನೋಡಿಕೊಂಡೆ,
ಪ್ರಯಾಣಿಕರು ನೋಡಿಕೊಳ್ಳುವ ಹಾಗೆ.

ಬೆಳಗ್ಗೆ ಡಬ್ಬಿ ಒಂದು ಕಡೆ, ಮುಚ್ಚಳ ಒಂದು ಕಡೆ.
ಒಳಗೆ ನೆಕ್ಕಿದ ಹೊಳಪು, ಹೊರಗೆ ಪುನುಗಿನ ಗಾಢ ವಾಸನೆ.
ನನ್ನ ಕೈಯ ಖಾರ; ಪಾಪ, ಎಷ್ಟು ನೀರು ಕುಡಿಯಿತೋ.
ತಾಡಪಾಲು ಎತ್ತಿದರೆ ಕೆಳಗೆ ಹುಲ್ಲು
ನನ್ನ ಅಳತೆಗೆ ಮಲಗಿತ್ತು: ಭುಜ, ಸೊಂಟ, ಮಡಚಿದ ಕಾಲು.
ಬೆರಳಿನಿಂದ ಎಬ್ಬಿಸಲು ನೋಡಿದೆ. ಏಳಲಿಲ್ಲ.
ಬಿಟ್ಟೆ.

ಕಿಟಕಿಯಲ್ಲಿ ಅದೇ ಗುಮಾಸ್ತ. ‘ಚಿಲ್ಲರೆ ಈಗಿದೆ’ ಎಂದು
ಹತ್ತರ ಮೂರು ನೋಟು ತಳ್ಳಿದ.
‘ಇರಲಿ’ ಅಂದೆ. ‘ಬಾಕಿ ಇರಲಿ.’
ಮೂವತ್ತು ರೂಪಾಯಿ ಬೇಡವೆನ್ನುವ ಕಂಡಕ್ಟರಳನ್ನು
ಅವನು ಚಶ್ಮ ಇಳಿಸಿ ನೋಡಿದ.

ಮಧ್ಯಾಹ್ನದ ಕದ್ರಾ ಬಸ್ಸು. ಮುಂದಿನ ಸೀಟಿನ ಮುದುಕಿ
ನನ್ನ ಚೀಲದತ್ತ ವಾಲಿ ಉಸಿರೆಳೆದಳು:
‘ಪುನುಗಿನ ಪರಿಮಳ! ಯಾವ ದೇವರಿಗೆ ಹೋಗಿದ್ದೆ, ಮಗಾ?’
‘ಆಧಾರ್ ತೋರಿಸಿ’ ಅಂದೆ,
ಸೊನ್ನೆ ಟಿಕೆಟ್ ಹರಿದು ಕೈಗಿಟ್ಟು,
‘ಎಲ್ಲಿ ಇಳೀತೀರಿ?’